ವರ್ಷಕ್ಕೊಮ್ಮೆ ಸಂತೆ ಕಾಣುವ ಅಡುಗೆಮನೆ

ನಮ್ಮ ಯಡ್ರಾಮಿ, ಜೇವರ್ಗಿ ಕಡೆಯ ಹುಡುಗರು ಅಡುಗೆ ಕೆಲಸಕ್ಕೆಂದು ಪುಣೆ, ಮುಂಬಯಿ, ಹೈದರಾಬಾದಿಗೆ ಹೋಗುತ್ತಾರೆ. ಕೆಲವರು ಗಲ್ಫ್ ದೇಶಗಳ ಕ್ಯಾಂಪುಗಳಲ್ಲಿ ನೂರಾರು ಜನರಿಗೆ ಬೇಯಿಸಿ ಹಾಕುತ್ತಾರೆ. ಅದಕ್ಕಿಂತಲೂ ದೂರದ ಒಂದು ಅಡುಗೆಮನೆಯ ವಿಷಯ ನಿಮಗೆ ಹೇಳಬೇಕಿದೆ. ಅಂಟಾರ್ಕ್ಟಿಕಾದ ಹಿಮದಲ್ಲಿರುವ ಭಾರತದ ‘ಮೈತ್ರಿ’ ಮತ್ತು ‘ಭಾರತಿ’ ಸಂಶೋಧನಾ ಕೇಂದ್ರಗಳ ಅಡುಗೆಮನೆ ಅದು. ಅಲ್ಲಿಯ ಬಾವರ್ಚಿಗೆ ಗೊತ್ತಿರಬೇಕಾದ ಎಷ್ಟೋ ಸಂಗತಿಗಳು ನಿಮ್ಮ ಮನೆಯಲ್ಲೂ ಜೀವ ಉಳಿಸುವಂಥವು.

ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹಡಗು ಹತ್ತಿತು. 21 ಜನರ ಆ ತಂಡದ ಮುಂದಾಳು ಡಾ. ಸೈಯದ್ ಜಹೂರ್ ಖಾಸಿಂ. ಅಲಹಾಬಾದಿನಲ್ಲಿ ಹುಟ್ಟಿ ಅಲಿಗಢದಲ್ಲಿ ಓದಿದ ಸಮುದ್ರ ವಿಜ್ಞಾನಿ ಅವರು. ಮುಂದೆ ಜಾಮಿಯಾ ಮಿಲ್ಲಿಯಾದ ಕುಲಪತಿಯೂ ಆದರು. ನಮ್ಮ ಮಕ್ಕಳಿಗೆ ಆಟಗಾರರ ಹೆಸರು ಬಾಯಿಪಾಠ, ಇವರ ಹೆಸರು ಕೇಳಿದರೆ ಮುಖ ನೋಡುತ್ತಾರೆ. ಮೈತ್ರಿ 1989ರಲ್ಲಿ ಶುರುವಾಯಿತು, ಭಾರತಿ 2012ರಲ್ಲಿ. ಅಲ್ಲಿಗೆ ಹೋಗುವವರನ್ನು ಮೊದಲು ದೆಹಲಿಯ ಏಮ್ಸ್‌ನಲ್ಲಿ ತಪಾಸಣೆ ಮಾಡಿಸಿ, ಉತ್ತರಾಖಂಡದ ಔಲಿಯ ಹಿಮದಲ್ಲಿ ತರಬೇತಿ ಕೊಟ್ಟು ಕಳಿಸುತ್ತಾರೆ. ಅಡುಗೆಯವನಿಗೂ ಇದರಿಂದ ವಿನಾಯಿತಿ ಇಲ್ಲ.

ಹಡಗು ಬರುವುದು ಅಲ್ಲಿಯ ಬೇಸಿಗೆಯಲ್ಲಿ ಮಾತ್ರ, ಅಂದರೆ ನಮ್ಮ ಚಳಿಗಾಲದಲ್ಲಿ. ಅದು ತಿರುಗಿ ಹೋದ ಮೇಲೆ ಚಳಿಗಾಲ ಕಳೆಯಲು ಉಳಿಯುವ ಸುಮಾರು 25 ಜನರಿಗೆ ಇದ್ದುದರಲ್ಲೇ ಸಂಸಾರ. ಸೊಪ್ಪು, ಟೊಮೆಟೊ ಮೊದಲು ಮುಗಿಯುತ್ತವೆ. ಆಮೇಲೆ ಆಲೂಗಡ್ಡೆ, ಉಳ್ಳಾಗಡ್ಡಿ. ನಂತರ ಹಿಟ್ಟು, ಬೇಳೆ, ಡಬ್ಬಿಯದು, ಒಣಗಿಸಿದ್ದು, ಹೆಪ್ಪುಗಟ್ಟಿಸಿದ್ದು. ಇಂಥ ಕಡೆಗಳಿಗೆ ಬೇಕಾಗುವ ಕೆಡದ ಊಟ ತಯಾರಿಸುವ ವಿದ್ಯೆಯಲ್ಲಿ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ್ದು ದೊಡ್ಡ ಹೆಸರು.

ಡಬ್ಬಿಯ ಊಟದಿಂದ ಹೊಟ್ಟೆ ತುಂಬುತ್ತದೆ, ದೇಹ ತುಂಬುವುದಿಲ್ಲ. 1898ರಲ್ಲಿ ‘ಬೆಲ್ಜಿಕಾ’ ಎಂಬ ಹಡಗು ಅಂಟಾರ್ಕ್ಟಿಕಾದ ಮಂಜಿನಲ್ಲಿ ಸಿಕ್ಕಿಬಿದ್ದಿತ್ತು. ಅದರಲ್ಲಿದ್ದವರ ಒಸಡು ಬಾತು, ಕೈಕಾಲಲ್ಲಿ ತ್ರಾಣ ಹೋಗಿತ್ತು. ಹಡಗಿನ ವೈದ್ಯ ಫ್ರೆಡರಿಕ್ ಕುಕ್ ಅವರಿಗೆಲ್ಲ ಸೀಲ್ ಮತ್ತು ಪೆಂಗ್ವಿನ್‌ಗಳ ತಾಜಾ ಮಾಂಸ ತಿನ್ನಿಸಿದ, ಜನ ಚೇತರಿಸಿಕೊಂಡರು. (ಈಗ ಅಲ್ಲಿಯ ಪ್ರಾಣಿಗಳನ್ನು ಕೊಲ್ಲುವುದು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿಷಿದ್ಧ.) ಆ ರೋಗ ಸ್ಕರ್ವಿ, ಕಾರಣ ಸಿ ವಿಟಮಿನ್ ಕೊರತೆ. ಈ ವಿಟಮಿನ್ ಕುದಿಸಿದರೆ ಬಹುಪಾಲು ಹಾಳಾಗುತ್ತದೆ. ಆದ್ದರಿಂದ ಲಿಂಬೆರಸವನ್ನು ಸಾರು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಇಂಡಿಯ ಲಿಂಬೆಹಣ್ಣು ಮಗ್ಗುಲಲ್ಲೇ ಇರುವಾಗ ನಮಗೇನು ಬಡತನ? ರೊಟ್ಟಿಯ ಜೊತೆ ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ ತಿನ್ನುವ ನಮ್ಮ ಹಿರಿಯರ ರೂಢಿ ಬಿಡಬೇಡಿ. ಸೊಪ್ಪನ್ನು ಮಾತ್ರ ಚೆನ್ನಾಗಿ ತೊಳೆಯಿರಿ. ಸೊಪ್ಪು ತುಟ್ಟಿಯಾದ ದಿನಗಳಲ್ಲಿ ಹೆಸರುಕಾಳು ಮೊಳಕೆ ಬರಿಸಿ. ಒಣ ಕಾಳಿನಲ್ಲಿ ಇಲ್ಲದಷ್ಟು ಸಿ ವಿಟಮಿನ್ ಮೊಳಕೆಯಲ್ಲಿ ಹುಟ್ಟುತ್ತದೆ. ಅದಕ್ಕೆ ಮಣ್ಣೂ ಬೇಡ, ಬಿಸಿಲೂ ಬೇಡ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. 1934ರಲ್ಲಿ ರಿಚರ್ಡ್ ಬರ್ಡ್ ಎಂಬ ಅಮೆರಿಕದ ನೌಕಾಧಿಕಾರಿ ಅಂಟಾರ್ಕ್ಟಿಕಾದ ಒಂದು ಗುಡಿಸಲಿನಲ್ಲಿ ಒಬ್ಬನೇ ಚಳಿಗಾಲ ಕಳೆದ. ಅಡುಗೆಯೂ ಅವನದೇ. ಒಲೆಯ ಹೊಗೆ ಸರಿಯಾಗಿ ಹೊರಗೆ ಹೋಗದೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬಿ, ತಲೆನೋವು, ವಾಂತಿ, ನಿಶ್ಶಕ್ತಿಯಿಂದ ಸಾಯುವ ಹಂತ ಮುಟ್ಟಿದ್ದ. ಆಗಸ್ಟ್‌ನಲ್ಲಿ ಜೊತೆಗಾರರು ಬಂದು ತಲುಪಿದ್ದರಿಂದ ಉಳಿದ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಈಗ ನಿಮ್ಮ ಮನೆಯ ಬಾಣಂತಿ ಕೋಣೆ ನೆನಪಿಸಿಕೊಳ್ಳಿ. ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿತಟ್ಟು ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟು ತಾಯಿ-ಕೂಸನ್ನು ಮಲಗಿಸುತ್ತೀರಿ. ಹಿಮದ ಗುಡಿಸಲಿಗೂ ಈ ಕೋಣೆಗೂ ವ್ಯತ್ಯಾಸವಿಲ್ಲ. ಅಮ್ಮೀಜಾನ್, ದಾದೀಜಾನ್, ನಿಮ್ಮ ಪ್ರೀತಿ ನನಗೆ ಗೊತ್ತು. ಆದರೆ ಬೆಚ್ಚಗಿರಲು ರಜಾಯಿ ಸಾಕು, ಕುಲಾವಿ ಸಾಕು. ಕೆಂಡ ಬೇಕೇಬೇಕು ಎಂದರೆ ಕಿಟಕಿ ತೆರೆದಿರಲಿ, ಮಲಗುವ ಮೊದಲು ಸಿಗಡಿ ಅಂಗಳಕ್ಕೆ ಹೋಗಲಿ. ಕೋಣೆಯಲ್ಲಿದ್ದವರಿಗೆ ಒಟ್ಟಿಗೇ ತಲೆನೋವು, ಹೊಟ್ಟೆ ತೊಳಸು ಬಂದರೆ ಕೂಡಲೇ ಹೊರಗಿನ ಗಾಳಿಗೆ ತನ್ನಿ, ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಆಮ್ಲಜನಕ ಕೊಡುತ್ತಾರೆ. ನನ್ನಂಥ ಹಕೀಮರ ಜೋಶಾಂದಾ ಇದಕ್ಕೆ ಮದ್ದಲ್ಲ.

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯ ಕಾರಣಗಳನ್ನು ಹೇಳಿದ್ದಾರೆ, ಅಸ್ಬಾಬ್-ಎ-ಸಿತ್ತಾ ಜರೂರಿಯಾ. ಗಾಳಿ, ಅನ್ನ-ನೀರು ಅದರಲ್ಲಿ ಮೊದಲು ಬರುತ್ತವೆ. ನಿದ್ದೆ-ಎಚ್ಚರಕ್ಕೂ, ಮನಸ್ಸಿನ ಚಲನೆ-ವಿಶ್ರಾಂತಿಗೂ ಅಷ್ಟೇ ಜಾಗ ಕೊಟ್ಟಿದ್ದಾರೆ. ಮೈತ್ರಿಯಲ್ಲಿ ಸುಮಾರು ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಅಂಥಲ್ಲಿ ದಿನಕ್ಕೆ ಗಡಿಯಾರವೆಂದರೆ ಊಟದ ಹೊತ್ತು. ಬಾವರ್ಚಿ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಬಡಿಸಿದರೆ ಎಲ್ಲರೂ ಒಂದೆಡೆ ಕೂಡುತ್ತಾರೆ. ಬಿಸಿಲಿಲ್ಲದೆ ಡಿ ವಿಟಮಿನ್ನೂ ಇಳಿಯುತ್ತದೆ. ಅವರಿಗೆ ಮಾತ್ರೆಯೇ ಗತಿ. ವರ್ಷವಿಡೀ ಬಿಸಿಲು ಸುರಿಯುವ ನಮ್ಮೂರಲ್ಲಿ ಮನೆಯೊಳಗೇ ಇರುವ ಹೆಣ್ಣುಮಕ್ಕಳು ಸೊಂಟನೋವು, ಎಲುಬುನೋವು ಎಂದು ಬರುತ್ತಾರಲ್ಲ, ಅದು ನನಗೆ ಹೆಚ್ಚು ಬೇಸರದ ಸಂಗತಿ. ಮಾಳಿಗೆಯ ಮೇಲೆ ಮರೆ ಕಟ್ಟಿಕೊಂಡು, ಬೆಳಿಗ್ಗೆ ಹತ್ತರ ಸುಮಾರಿಗೆ ಕೈಕಾಲಿಗೆ ಬಿಸಿಲು ತಾಗುವಂತೆ ಕಾಲು ಗಂಟೆ ಕೂತುಕೊಳ್ಳಿ.

ಅಂಟಾರ್ಕ್ಟಿಕಾ ತಣ್ಣಗಿನ ಮರುಭೂಮಿ. ಗಾಳಿ ಒಣ, ಬಾಯಾರಿಕೆ ಗೊತ್ತಾಗುವುದಿಲ್ಲ. ಮೈತ್ರಿಗೆ ಪಕ್ಕದ ಪ್ರಿಯದರ್ಶಿನಿ ಸರೋವರದ ನೀರು. ಒಲೆಯ ಮುಂದೆ ನಿಲ್ಲುವವನು ಎಲ್ಲಿದ್ದರೂ ಬೆವರಿ ಒಣಗುತ್ತಾನೆ, ನೀರು ಕುಡಿಯುವುದು ಮರೆಯುತ್ತಾನೆ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಕಡುಬಣ್ಣಕ್ಕೆ ತಿರುಗಿದರೆ ನೀರು ಸಾಲದು ಎಂದರ್ಥ. ಹಳೆಯ ಹಕೀಮರು ಕಾರೂರಾ ನೋಡುತ್ತಿದ್ದುದು ಸುಮ್ಮನೆ ಅಲ್ಲ. ಹೋಟೆಲ್ ಅಡುಗೆಯವರಲ್ಲಿ ನಾನು ಕಾಣುವುದು ಮೂತ್ರದ ಕಲ್ಲು, ಕಾಲಿನ ನರ ಉಬ್ಬುವುದು, ಎಲ್ಲರದ್ದೂ ಆದ ಮೇಲೆ ರಾತ್ರಿ ಹನ್ನೆರಡಕ್ಕೆ ಉಣ್ಣುವುದರಿಂದ ಏರಿದ ಸಕ್ಕರೆ.

ಮೈತ್ರಿಗೆ ಹತ್ತಿರವೇ ರಷ್ಯನ್ನರ ನೊವೊಲಜರೆವ್‌ಸ್ಕಯಾ ಕೇಂದ್ರವಿದೆ. 1961ರ ಏಪ್ರಿಲ್‌ನಲ್ಲಿ ಅಲ್ಲಿಯ ಒಬ್ಬನೇ ವೈದ್ಯ ಲಿಯೊನಿದ್ ರೊಗೊಜೊವ್‌ಗೆ ಅಪೆಂಡಿಕ್ಸ್ ಬಾತಾಗ, ಬೇರೆ ದಾರಿ ಕಾಣದೆ ತನ್ನ ಹೊಟ್ಟೆಯನ್ನು ತಾನೇ ಕೊಯ್ದುಕೊಂಡು ಶಸ್ತ್ರಚಿಕಿತ್ಸೆ ಮಾಡಿಕೊಂಡ, ಬದುಕಿದ. ನಿಮ್ಮ ಮಗ ಅಷ್ಟು ದೂರ ಹೋಗಲಿಕ್ಕಿಲ್ಲ. ಆದರೂ ಗಲ್ಫ್ ಕ್ಯಾಂಪಿನಲ್ಲಿ ರಜೆ ಸಿಗುವುದು ಕಷ್ಟ. ಅಲ್ಲಿಗೆ ಹೋಗುವವರ ವೈದ್ಯಕೀಯ ಪರೀಕ್ಷೆ ಮುಖ್ಯವಾಗಿ ಕ್ಷಯದಂಥ ಅಂಟುರೋಗ ಹುಡುಕುವುದಕ್ಕೆ. ವಿಮಾನ ಹತ್ತುವ ತಿಂಗಳು ಮೊದಲೇ ಅವನ ಸಕ್ಕರೆ, ಬಿಪಿ ನೋಡಿಸಿ, ಹುಳುಕು ಹಲ್ಲಿದ್ದರೆ ತುಂಬಿಸಿ, ದಿನವೂ ತಿನ್ನುವ ಮಾತ್ರೆಗಳ ಚೀಟಿಯನ್ನು ಪಾಸ್‌ಪೋರ್ಟ್ ಜೊತೆ ಇಡಿ.