ನೀರು ಕಾದ ಮೇಲೆ ಗಾಳವಿಲ್ಲ

ಏಪ್ರಿಲ್‌ನಲ್ಲಿ ಹೇಮಾವತಿಯ ನೀರು ಬೆಳಗ್ಗೆ ಆರಕ್ಕೆ ಪಾದಕ್ಕೆ ತಣ್ಣಗಿರುತ್ತದೆ. ಹತ್ತು ಗಂಟೆಗೆ ಅದೇ ನೀರು ಎಮ್ಮೆ ಮೈತೊಳೆಯುವಷ್ಟು ಬೆಚ್ಚಗೆ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಅಣೆಯಿಂದ ಬಹಳ ಕೆಳಗೆ, ಬಂಡೆಗಳ ನಡುವೆ ನೀರು ನೊರೆಯಾಡುವ ಕಡೆ ನಾನು ಹದಿನೈದು ಬೇಸಿಗೆಗಳಿಂದ ಗಾಳ ಹಾಕುತ್ತಿದ್ದೇನೆ.

ನನ್ನದು ಫ್ಲೈ ಫಿಶಿಂಗ್. ನಾನದಕ್ಕೆ ಗರಿಗಾಳ ಎನ್ನುತ್ತೇನೆ. ಎರೆಹುಳ ಬೇಡ, ಕಾವೇರಿ ಕಡೆಯವರು ಕಟ್ಟುವ ರಾಗಿಹಿಟ್ಟಿನ ಉಂಡೆಯೂ ಬೇಡ. ನಾಟಿ ಹುಂಜದ ಕುತ್ತಿಗೆಯ ಗರಿಯನ್ನು ಸಣ್ಣ ಗಾಳಕ್ಕೆ ದಾರದಿಂದ ಸುತ್ತಿದರೆ ನೀರಿಗೆ ಬಿದ್ದ ಹುಳುವಿನಂತೆ ಕಾಣುತ್ತದೆ. ಗರಿಗೆ ತೂಕವೇ ಇಲ್ಲವಾದ್ದರಿಂದ ದಪ್ಪ ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ಚಾಟಿ ಬೀಸಿದ ಹಾಗೆ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ. ಕೈಗೆ ಆ ಲಯ ಹತ್ತಲು ನನಗೆ ಒಂದು ವರ್ಷ ಹಿಡಿಯಿತು.

ಇಂಗ್ಲೆಂಡಿನ ಕಡೆ ಈ ಕಲೆ ಬೆಳೆದದ್ದು ಟ್ರೌಟ್ ಎಂಬ ತಣ್ಣೀರಿನ ಮೀನಿಗಾಗಿ. ಬ್ರಿಟಿಷರು ಅದನ್ನು ನೀಲಗಿರಿಗೆ ತಂದು ಅಲ್ಲಿನ ತೊರೆಗಳಿಗೆ ಬಿಟ್ಟರು. ನಮ್ಮ ಬಯಲುಸೀಮೆಗೆ ತಂದಿದ್ದರೆ ಒಂದು ಬೇಸಿಗೆಯನ್ನೂ ಅದು ದಾಟುತ್ತಿರಲಿಲ್ಲ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ 7.5ರ ಆಸುಪಾಸಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಬೆಚ್ಚಗಾದ ಮೀನಿನ ಮೈ ಹೆಚ್ಚು ಉಸಿರು ಕೇಳುತ್ತದೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಟ್ರೌಟ್ ನದಿಯ ನೀರು ಮೂರು ದಿನ ಸತತ 23 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಗಾಳ ನಿಲ್ಲಿಸುವ ಕ್ರಮವಿದೆ. ಒಳ್ಳೆಯ ಕ್ರಮ.

ನಮ್ಮ ನದಿಯ ಹಿರಿಯ ಬಿಳಿಮೀನು, ಅಂದರೆ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ 54 ಕಿಲೋ ತೂಗುವ ಬಿಳಿಮೀನು ಹಿಡಿದಿದ್ದರು. ಕಾವೇರಿ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್‌ಗೆ 2018ರಲ್ಲಷ್ಟೇ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿತು. ಅದೇ ವರ್ಷ ಅದು ಅಳಿವಿನ ಅತಿ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ನನಗೆ ಸಿಕ್ಕಿದ್ದು ಗೂನಿಲ್ಲದ ಜಾತಿಯ ಮರಿ, ಎರಡು ಕಿಲೋ ಇದ್ದೀತು. ಹೊತ್ತು ಹನ್ನೊಂದಾಗಿತ್ತು, ದಾರ ತೆಳುವಾಗಿತ್ತು. ಇಪ್ಪತ್ತು ನಿಮಿಷ ಜಗ್ಗಾಡಿಸಿ ದಡಕ್ಕೆ ತಂದೆ. ದಡದಲ್ಲಿ ಎಮ್ಮೆ ಕಾಯುತ್ತಿದ್ದ ಅಜ್ಜ ಕೂಗಿದರು: "ನೀರ್ ಕಾದದೆ ಕಣ್ಲಾ ಮಗ, ಬೇಗ ಬುಟ್ಬುಡು." ನಾನು ಫೋಟೊ ಹೊಡೆದುಕೊಂಡೆ. ಬಿಟ್ಟ ಮೀನು ನಾಲ್ಕು ಮಾರು ಹೋಗಿ ಹೊಟ್ಟೆ ಮೇಲಾಗಿ ತೇಲಿತು. ಆ ಬಿಳಿ ಹೊಟ್ಟೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಆಮೇಲಿಂದ ಜೇಬಿನಲ್ಲಿ ಥರ್ಮಾಮೀಟರ್ ಇರುತ್ತದೆ. ನೀರು 28 ತೋರಿಸಿದರೆ ಗಾಳ ಸುತ್ತಿಡುತ್ತೇನೆ. ಅದು ನಾನೇ ಹಾಕಿಕೊಂಡ ಗೆರೆ. ಗಾಳದ ಮರುಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಬಿಡಿಸುವುದು ಕ್ಷಣದ ಕೆಲಸ. ದಾರ ಗಟ್ಟಿಯಾಗಿದ್ದರೆ ಮೀನು ದಣಿಯುವ ಮೊದಲೇ ಕೈಗೆ ಬರುತ್ತದೆ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಹರಿವಿಗೆ ಮುಖಮಾಡಿ ಹಿಡಿದು, ಅದೇ ಬಾಲ ಬಡಿದು ಹೋಗುವವರೆಗೆ ಕಾಯಬೇಕು.

ಕೆರೆಯ ಲೆಕ್ಕ ಬೇರೆ. ನಾಗಮಂಗಲದ ಕಡೆ ಬೇಸಿಗೆಗೆ ಮೊಣಕಾಲುದ್ದ ಉಳಿದ ಹಸಿರು ನೀರಿನಲ್ಲಿ ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಕುಡಿಯುತ್ತದೆ. ಹಾಗಾಗಿ ನೀರು ತಂಪಾಗಿರುವ ಕೋಳಿಕೂಗುವ ಹೊತ್ತೇ ಅಲ್ಲಿ ಮೀನಿಗೆ ಉಸಿರುಕಟ್ಟುವ ಹೊತ್ತು. ಕಟ್ಲ, ರೋಹುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಹಸಿವೆಂದು ತಿಳಿದು ಗಾಳ ಬಿಡಬೇಡಿ. ಪಾಂಡವಪುರದ ತೊಣ್ಣೂರು ಕೆರೆ ಆಳವಾದ್ದು, ತಿಳಿನೀರಿನದು. ಅಲ್ಲಿ ಈ ಕಷ್ಟ ಕಡಿಮೆ. ಯಾವ ಕೆರೆಯಾದರೂ ಮೀನಿನ ಹಕ್ಕು ಗುತ್ತಿಗೆ ಹಿಡಿದವರದು, ಕೇಳಿಯೇ ಇಳಿಯಬೇಕು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಿಂದ ಪಕ್ಷಿಧಾಮ. ಅಲ್ಲಿನ ಮೀನು ಬೆಳ್ಳಕ್ಕಿಗೆ, ನೀರುನಾಯಿಗೆ, ಮೊಸಳೆಗೆ ಸೇರಿದ್ದು.

ಕಳೆದ ವಾರ ಹೇಮಾವತಿಯಲ್ಲಿ ಎಂಟೂವರೆಗೇ 28 ಬಂತು. ಬಂಡೆಯ ಹಿಂದೆ ದೊಡ್ಡದೊಂದು ಮೀನು ಮಗುಚಿ ಹೊಳೆಯಿತು. ಗರಿ ಬಿಚ್ಚಿ ಡಬ್ಬಿಗೆ ಹಾಕಿ, ದಡದಲ್ಲಿ ಕೂತು ಅದನ್ನೇ ನೋಡಿದೆ.