ಕೂಳೆ ಚಿಗುರದ ಎದೆ

ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ ಏರಿ. ಬೆಳಗಿನ ಏಳು ಗಂಟೆ. ಕಟಾವಾದ ಕಬ್ಬಿನ ಗದ್ದೆಯಲ್ಲಿ ತರಗು ಸೀಳಿಕೊಂಡು ಕೂಳೆ ಎದ್ದಿದೆ. ಮಚ್ಚು ಬಿದ್ದ ಬುಡದ ಪಕ್ಕದಲ್ಲೇ ಬೆರಳುದ್ದದ ಹಸಿರು ಮೊಳಕೆ, ತುದಿಯಲ್ಲೊಂದು ಇಬ್ಬನಿ ಹನಿ. ಅದರಾಚೆ ಭತ್ತ. ತೂಬಿನ ಬಳಿ ಪೈರು ನಗುತ್ತಿದೆ, ಕೊನೆಭಾಗದ ಗದ್ದೆ ಬಿರುಕು ಬಿಟ್ಟಿದೆ.

ನೀರು ನಿಂತರೆ ಮೊದಲು ಸಾಯುವುದು ಕೊನೆಭಾಗ ಎಂದು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೃದಯದಲ್ಲೂ ಹಾಗೆಯೇ. ರಕ್ತನಾಳಗಳು ಹೊರಮೈ ಮೇಲೆ ಹರಿದು ಒಳಕ್ಕೆ ಕವಲೊಡೆಯುತ್ತವೆ. ಒಳಪದರವೇ ಅಲ್ಲಿನ ಕೊನೆಭಾಗ. ನಾಳದಲ್ಲಿ ಹೆಪ್ಪು ಕಟ್ಟಿಕೊಂಡರೆ ಅರ್ಧ ಗಂಟೆಯ ಹೊತ್ತಿಗೆ ಅಲ್ಲಿನ ಸ್ನಾಯುಕೋಶಗಳು ಸಾಯತೊಡಗುತ್ತವೆ. ಆಮೇಲೆ ಸಾವು ಗಂಟೆಗಂಟೆಗೂ ಹೊರಕ್ಕೆ ಹಬ್ಬುತ್ತದೆ. ದೊಡ್ಡ ಹೃದಯಾಘಾತದಲ್ಲಿ ನೂರು ಕೋಟಿ ಕೋಶಗಳವರೆಗೂ ಹೋಗಬಹುದು. ಆ ಜಾಗದಲ್ಲಿ ಕೂಳೆ ಏಳುವುದಿಲ್ಲ. ನಾರಿನಂಥ ಕಲೆ ಕೂರುತ್ತದೆ. ಗೋಡೆ ಒಡೆಯದಂತೆ ಹಿಡಿದಿರುತ್ತದೆ, ಮಿಡಿಯುವುದಿಲ್ಲ.

ಹಾಗೆಂದು ಪೂರ್ತಿ ಬಂಜರಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿ ಸೇರಿದ್ದ ಇಂಗಾಲ-14ರ ಜಾಡು ಹಿಡಿದು ಸ್ವೀಡನ್ನಿನ ಯೊನಾಸ್ ಫ್ರಿಸೇನ್ ತಂಡ 2009ರಲ್ಲಿ ಲೆಕ್ಕ ಕೊಟ್ಟಿತು: 25ರ ಪ್ರಾಯದಲ್ಲಿ ವರ್ಷಕ್ಕೆ ಶೇ 1ರಷ್ಟು ಸ್ನಾಯುಕೋಶ ಹೊಸದಾಗುತ್ತದೆ, 75ಕ್ಕೆ ಶೇ 0.45. ಆಘಾತದ ನಷ್ಟಕ್ಕೆ ಅದು ಯಾವ ಮೂಲೆಗೆ?

ಏರಿ ಕೆಳಗೆ ಇಬ್ಬರು ಹುಡುಗರು ಟವೆಲ್ಲು ಹಿಡಿದು ಮೀನು ಬಾಚುತ್ತಿದ್ದರು. ನೀಲಿ ಗೆರೆಯ ಜೀಬ್ರಾ ಮೀನು ಸಿಕ್ಕಿದೆಯೇ ಎಂದು ಅವರ ಬಾಟಲಿಗೆ ಬಗ್ಗಿ ನೋಡಿದೆ. ಸಿಕ್ಕಿರಲಿಲ್ಲ. ಕರ್ನಾಟಕದ ತೊರೆಗಳಲ್ಲೂ ಇರುವ ಆ ಪುಟ್ಟ ಮೀನಿನ ಹೃತ್ಕುಕ್ಷಿಯಲ್ಲಿ ಶೇ 20ರಷ್ಟನ್ನು ಕತ್ತರಿಸಿ ತೆಗೆದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಉಳಿದ ಕೋಶಗಳೇ ಒಡೆದು ಎರಡಾಗುತ್ತವೆ, ಥೇಟ್ ಕೂಳೆಯಂತೆ. ಆಗತಾನೆ ಹುಟ್ಟಿದ ಇಲಿಮರಿಗೂ ಆ ಶಕ್ತಿಯಿದೆ. ವಾರ ಕಳೆದರೆ ಇಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಇದೇ ಪಟ್ಟಣದ ಗದ್ದೆ ನಾಲೆಗಳನ್ನು ನೋಡಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ನನೇ 1822ರಲ್ಲಿ, ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ, ಈ ಮೀನನ್ನು ಶಾಸ್ತ್ರಕ್ಕೆ ಪರಿಚಯಿಸಿದವನು. ನನಗೆ ಇದು ಈಗಲೂ ರೋಮಾಂಚನದ ಸಂಗತಿ.

ಮೀನಿನ ವಿದ್ಯೆ ನಮಗಿನ್ನೂ ಒಲಿದಿಲ್ಲ. ಇರುವುದನ್ನು ಉಳಿಸಿಕೊಳ್ಳುವುದೇ ದಾರಿ. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಬೇಕೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆ ಕೊಡುತ್ತಾರೆ. ದೊಡ್ಡ ಆಸ್ಪತ್ರೆಗಳಿರುವ ಮೈಸೂರು ಪಟ್ಟಣದಿಂದ 15 ಕಿ.ಮೀ. ಆಸುಪಾಸು. ನಾಗಮಂಗಲ, ಕೆ.ಆರ್. ಪೇಟೆ ಕಡೆಯವರಿಗೆ ಹೆಚ್ಚುಕಡಿಮೆ ಅದರ ನಾಲ್ಕು ಪಟ್ಟು. ಆ ದಾರಿ ಸವೆಯುವಷ್ಟರಲ್ಲಿ ಎಷ್ಟು ಸ್ನಾಯು ಸತ್ತಿರುತ್ತದೆ!

ತೂಬಿನ ಹತ್ತಿರ ಹಳೆಯ ನೀರುಗಂಟಿ ಕೂತಿದ್ದರು. "ಯಜಮಾನ್ರೆ, ಹುಷಾರಾಗಿದ್ದೀರಾ?" ಎಂದೆ.

"ಓದೊರ್ಸ ಎದೆ ಇಡ್ಕತ್ತು ಸಾ. ಗ್ಯಾಸು ಅಂದ್ಕಂಡು ಸೋಡಾ ಕುಡ್ದು ಮಲಿಕಂಡೆ. ಬೆಳುಗ್ಗೆ ಆಸ್ಪತ್ರೆಗೋದೆ."

ಮಗ ತೂಬು ಎತ್ತಿದ. ನೀರು ಗುಳುಗುಳು ಎನ್ನುತ್ತ ಕೊನೆಭಾಗದ ಕಡೆ ಹೊರಟಿತು. ಅದರ ಜತೆಗೇ ಹೆಜ್ಜೆ ಹಾಕಲು ಎದ್ದ ಯಜಮಾನರು ಏರಿ ಹತ್ತುವಾಗ ಎರಡು ಸಲ ನಿಂತರು.