ಮನೆಯೊಳಗಿನ ವ್ಯಾಯಾಮ, ಹಿರಿಯ ಹೆಂಗಸರ ಸಕ್ಕರೆ

ಊಟದ ನಂತರ ರಕ್ತಕ್ಕೆ ಸೇರುವ ಗ್ಲೂಕೋಸಿನ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಸ್ನಾಯು ಕರಗಿ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಇನ್ಸುಲಿನ್ನಿನ ಕೆಲಸ ಮಂದವಾಗುತ್ತದೆ. ಆದರೆ ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ಒಮ್ಮೆ ಮಾಡಿದ ವ್ಯಾಯಾಮದ ಪ್ರಯೋಜನ ಒಂದೆರಡು ದಿನವಷ್ಟೇ ಉಳಿಯುವುದರಿಂದ ನಡುವೆ ಎರಡು ದಿನ ಬಿಡಬಾರದು.

ಬೆಂಗಳೂರಿನ ಶಿವಾಜಿನಗರ, ಹಲಸೂರಿನ ಇಕ್ಕಟ್ಟಾದ ಬೀದಿಗಳಲ್ಲಿ, ಕೆ.ಆರ್. ಪುರದ ವಾಹನದಟ್ಟಣೆಯಲ್ಲಿ ವಯಸ್ಸಾದವರಿಗೆ ವಾಕಿಂಗ್ ಸುಲಭವಲ್ಲ. ಅದಕ್ಕಾಗಿ ವ್ಯಾಯಾಮ ಬಿಡಬೇಕಿಲ್ಲ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು ತೊಡೆಯ ದೊಡ್ಡ ಸ್ನಾಯುಗಳನ್ನು ದುಡಿಸುತ್ತದೆ. ಇದೊಂದೇ ಸಾಧ್ಯವಾದರೂ ಬಿಡದೆ ಮಾಡಬೇಕು. ಗೋಡೆಗೆ ಕೈಯೂರಿ ತಳ್ಳುವುದು, ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಎತ್ತುವುದು ಅದರ ಜೊತೆಗೆ. ಮುದ್ದೆ, ಅನ್ನ ಉಂಡ ಬಳಿಕ ಹಜಾರದಲ್ಲೇ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚಟುವಟಿಕೆ, 65 ದಾಟಿದವರಿಗೆ ಮೂರು ದಿನ ಸಮತೋಲನ ಮತ್ತು ಬಲ ಹೆಚ್ಚಿಸುವ ಅಭ್ಯಾಸ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡಬಾರದು. ಸಕ್ಕರೆ ತೀರಾ ಇಳಿದು ನಡುಕ, ಬೆವರು, ತಲೆಸುತ್ತು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕುಡಿಯಬೇಕು. ಪಾದ ಮರಗಟ್ಟಿದ್ದರೆ ಮನೆಯೊಳಗೂ ಚಪ್ಪಲಿ ಬೇಕು. ಎದೆನೋವು, ಕಣ್ಣಿನ ರೆಟಿನಾದ ತೊಂದರೆ ಇರುವವರು ಶಿವಾಜಿನಗರದ ಬೌರಿಂಗ್ ಅಥವಾ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಯಂಥ ಕಡೆ ವೈದ್ಯರನ್ನು ಕಂಡೇ ಆರಂಭಿಸಬೇಕು. ಫಲ ಎಷ್ಟೆಂಬುದು ಮೂರು ತಿಂಗಳಿಗೊಮ್ಮೆ ಮಾಡಿಸುವ, ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ತಿಳಿಯುತ್ತದೆ.